ಊರಿನ ಹೆಸರಾಗಿ ಉಳಿದ ದಂಡನಾಯಕ ಬಂಕೇಶ

ಗದಗ ಸೀಮೆಯ ಹಳೆಯ ಊರುಗಳಲ್ಲಿ ಶಾಸನದ ಕಲ್ಲಿಲ್ಲದ ಗುಡಿ ಅಪರೂಪ. ಕೋಟುಮಚಗಿಯ ಕ್ರಿ.ಶ. 1012ರ ಶಾಸನ ವಿದ್ಯೆ ಕಲಿಸುವವರಿಗಾಗಿ ಬಿಟ್ಟ ಭೂಮಿಯ ವಿಷಯ ಹೇಳುತ್ತದೆ. ಪುಲಿಗೆರೆ ಎಂದು ಹೆಸರಾಗಿದ್ದ ಲಕ್ಷ್ಮೇಶ್ವರದ ಶಾಸನಗಳು ಬಸದಿ, ದೇವಾಲಯಗಳ ದಾನದತ್ತಿಗಳನ್ನು ದಾಖಲಿಸುತ್ತವೆ. ಈಗಿನ ನರಗುಂದ ತಾಲೂಕಿಗೆ ಸೇರಿದ, ಮಲಪ್ರಭೆಯ ದಂಡೆಯ ಕೊಣ್ಣೂರಿನ ಶಾಸನವೂ ಮೇಲುನೋಟಕ್ಕೆ ಅಂಥದೇ ಒಂದು ದಾನಪತ್ರ. ಆದರೆ ಅದರೊಳಗೆ ಒಬ್ಬ ಸೇನಾಪತಿಯ ಕಥೆ ಅಡಗಿದೆ. ಅವನು ಗೆಲ್ಲುತ್ತಿದ್ದ ಯುದ್ಧವನ್ನು ಅರ್ಧಕ್ಕೆ ಬಿಟ್ಟು ಒಡೆಯನ ಕರೆಗೆ ಓಗೊಟ್ಟು ಹಿಂದಿರುಗಿದವನು. ಅರಸನ ಮಗನೇ ಅರಸನ ಮೇಲೆ ತಿರುಗಿಬಿದ್ದಾಗ ಸಿಂಹಾಸನವನ್ನು ಉಳಿಸಿಕೊಟ್ಟವನು. ಅವನ ಹೆಸರು ಬಂಕೇಶ ಅಥವಾ ಬಂಕೆಯ. ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಹೆಸರು ಬಂದದ್ದು ಅವನಿಂದಲೇ.

ಬಂಕಾಪುರದ ಹೆಸರು ಕೇಳದ ಕನ್ನಡಿಗರು ಕಡಿಮೆ. ಆ ಊರಿನ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದನ್ನು ಅರಿತವರು ಅದಕ್ಕಿಂತಲೂ ಕಡಿಮೆ. ಕರ್ನಾಟಕದ ಚರಿತ್ರೆಯಲ್ಲಿ ಅರಸರಿಗೆ ಸಿಕ್ಕಷ್ಟು ಜಾಗ ಅವರ ದಂಡನಾಯಕರಿಗೆ ಸಿಕ್ಕಿಲ್ಲ. ಗೊಮ್ಮಟನ ಕಾರಣದಿಂದ ಚಾವುಂಡರಾಯ ಮನೆಮಾತಾದ. ಅವನಿಗಿಂತ ಸುಮಾರು ಒಂದು ಶತಮಾನ ಮೊದಲು ಅದೇ ಬಗೆಯ ಬಾಳು ಬಾಳಿದ ಬಂಕೇಶ ಮಾತ್ರ ಶಾಸನತಜ್ಞರ ಪುಸ್ತಕಗಳಲ್ಲಿಯೇ ಉಳಿದುಕೊಂಡಿದ್ದಾನೆ.

ಎಳೆಯ ಅರಸ, ಕದಡಿದ ರಾಜ್ಯ

ಬಂಕೇಶ ಸೇವೆ ಸಲ್ಲಿಸಿದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನಲ್ಲಿ. ಅಮೋಘವರ್ಷ ಪಟ್ಟಕ್ಕೆ ಬಂದದ್ದು ಕ್ರಿ.ಶ. 814ರಲ್ಲಿ, ಇನ್ನೂ ಬಾಲಕನಾಗಿದ್ದಾಗ. ತಂದೆ ಮೂರನೆಯ ಗೋವಿಂದ ಉತ್ತರದ ಗಂಗಾ ಬಯಲಿನವರೆಗೆ ದಂಡೆತ್ತಿ ಹೋದ ಪರಾಕ್ರಮಿ. ಅವನು ಕಣ್ಮುಚ್ಚಿದೊಡನೆ ಸಾಮಂತರು ತಲೆಯೆತ್ತಿದರು. ಗುಜರಾತ ಶಾಖೆಯ ದಾಯಾದಿ ಕರ್ಕನ ನೆರವಿಲ್ಲದಿದ್ದರೆ ಎಳೆಯ ಅರಸನಿಗೆ ಸಿಂಹಾಸನ ದಕ್ಕುತ್ತಲೇ ಇರಲಿಲ್ಲ ಎಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

ಮುಂದೆ ಅಮೋಘವರ್ಷ ಸುಮಾರು ಅರವತ್ತನಾಲ್ಕು ವರ್ಷ ಆಳಿದ. ಈಗ ಮಳಖೇಡವೆಂದು ಕರೆಯುವ ಮಾನ್ಯಖೇಟವನ್ನು ರಾಜಧಾನಿಯಾಗಿ ಬೆಳೆಸಿದ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ರಚನೆಯಾದದ್ದು ಅವನ ಆಸ್ಥಾನದಲ್ಲಿ. 851ರ ಸುಮಾರಿಗೆ ಬರೆದ ಅರಬ್ಬೀ ವರ್ತಕ ಸುಲೈಮಾನ್‌ನ ವೃತ್ತಾಂತವು ಈ ರಾಜ್ಯದ ಒಡೆಯನನ್ನು ಜಗತ್ತಿನ ನಾಲ್ವರು ದೊಡ್ಡ ಅರಸರ ಸಾಲಿಗೆ ಸೇರಿಸುತ್ತದೆ. ಹೀಗೆ ಹೊರಗಿನವರ ಕಣ್ಣಿಗೆ ವೈಭವವಾಗಿ ಕಂಡ ಆಳ್ವಿಕೆ ಒಳಗಡೆ ನಿರಾತಂಕವಾಗಿರಲಿಲ್ಲ. ಅಮೋಘವರ್ಷ ತಂದೆಯಂತೆ ದಿಗ್ವಿಜಯಕ್ಕೆ ಹೊರಟ ಅರಸನಲ್ಲ. ಕಾವ್ಯ, ಶಾಸ್ತ್ರ, ಧರ್ಮಗಳಲ್ಲಿ ಅವನ ಮನಸ್ಸು ಹೆಚ್ಚು ನೆಟ್ಟಿತ್ತು. ಇಂಥ ಅರಸನ ರಾಜ್ಯ ಉಳಿಯಬೇಕಾದರೆ ಅವನ ಪರವಾಗಿ ಕತ್ತಿ ಹಿಡಿಯುವವನು ನಂಬಿಕೆಯವನಾಗಿರಬೇಕಿತ್ತು.

ಕೊಣ್ಣೂರಿನ ಕಲ್ಲು ಹೇಳುವ ಕಥೆ

ಕೊಣ್ಣೂರು ಶಾಸನದಲ್ಲಿ ಊರಿನ ಹೆಸರು ಕೊಳನೂರ. ಮುಕುಲ ವಂಶದಲ್ಲಿ ಎರಕೋರಿ ಎಂಬವನಿದ್ದ. ಅವನ ಮಗ ಅಧೋರ ಕೊಳನೂರಿನ ಒಡೆಯ. ಅಧೋರನಿಗೂ ವಿಜಯಾಂಕೆಗೂ ಹುಟ್ಟಿದ ಮಗನೇ ಬಂಕೇಶ. ಚೆಲ್ಲಕೇತನ ಎಂಬುದು ಅವನಿಗಿದ್ದ ಇನ್ನೊಂದು ಹೆಸರು. ಮುಂದೆ ಇಡೀ ಮನೆತನವನ್ನೇ ಚೆಲ್ಲಕೇತನರು ಎಂದು ಕರೆಯಲಾಯಿತು. ಒಂದು ಊರಿನ ಗೌಡಿಕೆಗಿಂತ ಹೆಚ್ಚಿನದೇನೂ ಇರದಿದ್ದ ಮನೆಯಿಂದ ಸಾಮ್ರಾಜ್ಯದ ಪ್ರಧಾನ ಸೇನಾಪತಿ ಬಂದ ಎಂಬುದು ಇದರಿಂದ ತಿಳಿಯುತ್ತದೆ.

ಶಾಸನದಲ್ಲಿ ಕಥೆ ಹೇಳುವವನು ಸ್ವತಃ ಅಮೋಘವರ್ಷ. 'ನಾನು', 'ನನ್ನ ಮಗ' ಎಂಬ ಧಾಟಿಯಲ್ಲಿ ಸಂಸ್ಕೃತ ಶ್ಲೋಕಗಳು ಸಾಗುತ್ತವೆ. ಗಂಗವಾಡಿಯನ್ನು ಅವನು ಕಡಿಯಲಸಾಧ್ಯವಾದ ದಟ್ಟ ಆಲದ ಕಾಡಿಗೆ ಹೋಲಿಸುತ್ತಾನೆ. ಆ ಕಾಡನ್ನು ಬೇರುಸಹಿತ ಕೀಳುವಂತೆ ಬಂಕೇಶನಿಗೆ ಅಪ್ಪಣೆಯಾಯಿತು. ಉಳಿದ ಸಾಮಂತರು ಮತ್ಸರದಿಂದ ಕೈಬಿಟ್ಟರೂ ಅವನು ಹಿಂಜರಿಯಲಿಲ್ಲ. ಮೊದಲು ಕೇದಳದ ಕೋಟೆ ಅವನ ವಶವಾಯಿತು. ಈ ಕೇದಳವನ್ನು ತುಮಕೂರಿನ ಬಳಿಯ ಕೈದಾಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಂದ ಮುಂದೆ ತಲವನಪುರದ, ಅಂದರೆ ತಲಕಾಡಿನ, ಒಡೆಯನನ್ನು ಓಡಿಸಿ, ಉಕ್ಕಿ ಹರಿಯುವ ಕಾವೇರಿಯನ್ನು ದಾಟಿ ವೈರಿಯ ನೆಲವನ್ನು ನಡುಗಿಸಿದ.

ಕಥೆ ತಿರುವು ಪಡೆಯುವುದು ಇಲ್ಲಿಯೇ. ಗೆಲುವು ಕೈಗೆಟಕುವಷ್ಟರಲ್ಲಿ ಅರಮನೆಯಲ್ಲಿ ಒಳಜಗಳ ಎದ್ದಿತು. ಹಿಂತಿರುಗು ಎಂಬ ಅರಸನ ಒಂದೇ ಮಾತಿಗೆ ಬಂಕೇಶ ಗೆದ್ದ ನೆಲವನ್ನು ಬಿಟ್ಟು ಹೊರಟ. ಹೊರಡುವಾಗ ಅವನು ಮಾಡಿದ ಪ್ರತಿಜ್ಞೆಯನ್ನು ಶಾಸನ ವಿವರಿಸುತ್ತದೆ. ತಾನು ತಲುಪುವ ಮೊದಲೇ ಒಡೆಯ ವೈರಿಗಳನ್ನು ಗೆದ್ದಿದ್ದರೆ ತಾನು ಎಲ್ಲವನ್ನೂ ತೊರೆದು ಮುನಿಯಾಗುವೆ. ವಿಧಿವಶದಿಂದ ವೈರಿಗಳೇ ಗೆದ್ದಿದ್ದರೆ ಉರಿಯುವ ಬೆಂಕಿಯನ್ನು ಹೊಗುವೆ ಎಂಬುದು ಅದರ ಸಾರ. ಕೆಲವೇ ದಿನಗಳಲ್ಲಿ ಬಂದು ಸೇರಿದವನು ಇನ್ನೂ ಒಂದು ಶಪಥ ತೊಟ್ಟ. ಮೂರು ತಿಂಗಳೊಳಗೆ ವೈರಿಗಳನ್ನು ಮುರಿದು ಒಡೆಯನಿಗೆ ಹಾಲು ಕುಡಿಸದಿದ್ದರೆ ಅಗ್ನಿಪ್ರವೇಶ ಮಾಡುವೆ ಎಂದ. ಹಾಲು ಕುಡಿಸುವುದೆಂದರೆ ಸಂಕಟ ಕಳೆದು ಅರಸ ನೆಮ್ಮದಿಯಿಂದ ಉಣ್ಣುವಂತೆ ಮಾಡುವುದು ಎಂದಿರಬಹುದು.

ಬಂಡಾಯಗಾರರ ನಡುವೆ ಇದ್ದವನು ಅರಸನ ಮಗನೇ. ಬಂಕೇಶನ ಪರಾಕ್ರಮದ ಬೆಂಕಿಗೆ ರಾಜಕುಮಾರನ ಪಡೆ ಸುಟ್ಟುಹೋಯಿತು. ಅವನು ಮಾತ್ರ ತಪ್ಪಿಸಿಕೊಂಡು ಮರೆಯಾದ. ಉಳಿದ ದಂಗೆಕೋರರಲ್ಲಿ ಕೆಲವರು ಸತ್ತರು, ಕೆಲವರು ಸೆರೆಯಾದರು. ಪ್ರತಿಜ್ಞೆ ಈಡೇರಿತು. ಮೆಚ್ಚಿದ ಅರಸ ಬನವಾಸಿಯೇ ಮೊದಲಾದ ಮೂವತ್ತು ಸಾವಿರ ಗ್ರಾಮಗಳ ಆಡಳಿತವನ್ನು ಅವನಿಗೆ ಒಪ್ಪಿಸಿದನೆಂದು ಶಾಸನ ಹೇಳುತ್ತದೆ. ಬಂಕೇಶ ತನಗಾಗಿ ಕೇಳಿದ್ದು ಬೇರೆ. ಕೊಳನೂರಿನಲ್ಲಿ ತಾನು ಕಟ್ಟಿಸಿದ ಜಿನಾಲಯಕ್ಕೆ ಭೂಮಿ ಬೇಕೆಂದು ಅವನು ಬಿನ್ನವಿಸಿದ. ಅದರಂತೆ ಅಮೋಘವರ್ಷ ಮಾನ್ಯಖೇಟದಲ್ಲಿದ್ದುಕೊಂಡು ತಳೆಯೂರು ಗ್ರಾಮವನ್ನೂ ಇತರ ಊರುಗಳಲ್ಲಿ ಭೂಮಿಯನ್ನೂ ದೇವೇಂದ್ರ ಮುನಿಗೆ ದಾನವಾಗಿತ್ತ. ಶಕವರ್ಷ 782ರ ಆಶ್ವಯುಜ ಹುಣ್ಣಿಮೆ, ಚಂದ್ರಗ್ರಹಣದ ದಿನ ಅದು. ಇಂದಿನ ಲೆಕ್ಕದಲ್ಲಿ ಕ್ರಿ.ಶ. 860ರ ಅಕ್ಟೋಬರ್ 3.

ಈ ಕಥೆಯನ್ನು ನಂಬಬಹುದೇ?

ಕೊಣ್ಣೂರಿನ ಕಲ್ಲು ಬಂಕೇಶನ ಕಾಲದ್ದಲ್ಲ. ತಾಮ್ರಪಟದಲ್ಲಿದ್ದ ದಾನಪತ್ರವನ್ನು ಮೇಘಚಂದ್ರ ತ್ರೈವಿದ್ಯರ ಶಿಷ್ಯ ವೀರನಂದಿ ಮುನಿಯ ಮುತುವರ್ಜಿಯಿಂದ, ಕೊಳನೂರಿನ ಪ್ರಭುವಿನ ಕೋರಿಕೆಯಂತೆ ಕಲ್ಲಿಗಿಳಿಸಲಾಯಿತು ಎಂದು ಅದೇ ಶಾಸನದ ಕೊನೆಯ ಭಾಗ ತಿಳಿಸುತ್ತದೆ. ಮೇಘಚಂದ್ರರು ತೀರಿಕೊಂಡದ್ದು 1115ರಲ್ಲಿ. ಅಂದರೆ ಘಟನೆಗೂ ಕಲ್ಲಿಗೂ ನಡುವೆ ಎರಡೂವರೆ ಶತಮಾನಕ್ಕೂ ಮಿಕ್ಕ ಅಂತರ. ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಶಾಸನವನ್ನು ಪ್ರಕಟಿಸಿದಾಗ ಅದಕ್ಕೆ ಕೂಟಶಾಸನವೆಂಬ ಹಣೆಪಟ್ಟಿಯನ್ನೇ ಅಂಟಿಸಿದರು.

ಇಂಥ ಪ್ರಶ್ನೆ ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ರಷ್ಯದಲ್ಲಿ ಎವ್ಪಾತಿ ಕೊಲೊವ್ರಾತ್ ಎಂಬ ವೀರನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. 1237ರಲ್ಲಿ ಮಂಗೋಲರ ಬಾತು ಖಾನ್ ರ‍್ಯಾಜಾನ್ ನಗರವನ್ನು ಸುಟ್ಟಾಗ, ದೂರದಿಂದ ಹಿಂದಿರುಗಿದ ಈ ಸೇನಾನಿ ಅಳಿದುಳಿದವರನ್ನು ಕೂಡಿಸಿಕೊಂಡು ಮಂಗೋಲ ಸೇನೆಯನ್ನು ಬೆನ್ನಟ್ಟಿ ಹೋರಾಡಿ ಮಡಿದನಂತೆ. ಆದರೆ ಅವನ ಕಥೆ ಸಿಗುವುದು ಬಹುಕಾಲದ ನಂತರದ ಹಸ್ತಪ್ರತಿಗಳಲ್ಲಿ ಉಳಿದ ಒಂದು ಕಥಾನಕದಲ್ಲಿ ಮಾತ್ರ. ಆದ್ದರಿಂದ ಅವನು ನಿಜವಾಗಿ ಇದ್ದನೋ, ಜನರ ನೋವು ಕಟ್ಟಿಕೊಂಡ ವೀರನೋ ಎಂಬ ಚರ್ಚೆ ಮುಗಿದಿಲ್ಲ.

ಬಂಕೇಶನ ವಿಷಯದಲ್ಲಿ ಸ್ಥಿತಿ ಅಷ್ಟು ಕೆಟ್ಟದಾಗಿಲ್ಲ. ಶಿಗ್ಗಾವಿ ತಾಲೂಕಿನ ನಿಡಗುಂದಿಯ ಶಾಸನ ಅಮೋಘವರ್ಷನ ಕಾಲದ್ದೇ. ಬಂಕೆಯರಸ ಬನವಾಸಿ-12000, ಬೆಳ್ಗಲಿ-300, ಕುಂದರಗೆ-70, ಕುಂದೂರು-500 ಮತ್ತು ಪುರಿಗೆರೆ-300 ಎಂಬ ನಾಡುಗಳನ್ನು ಆಳುತ್ತಿದ್ದನೆಂದೂ, ಅವನ ಮಗ ಕುಂದಟ್ಟೆ ನಿಡುಗುಂದಗೆ-12ನ್ನು ನೋಡಿಕೊಳ್ಳುತ್ತಿದ್ದನೆಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ಇನ್ನು ಸಂಸ್ಕೃತದ 'ಉತ್ತರಪುರಾಣ'ದ ಪ್ರಶಸ್ತಿಭಾಗದಲ್ಲಿ ಬಂಕೇಶನ ಮತ್ತೊಬ್ಬ ಮಗನ ಹೆಸರೂ ಅವರ ವಂಶದ ಹೆಸರೂ ಬಂಕಾಪುರದ ಹೆಸರೂ ಒಟ್ಟಿಗೆ ಬರುತ್ತವೆ. ಇವು ಒಂದನ್ನೊಂದು ನೋಡಿ ಬರೆದವಲ್ಲ. ಕೊಣ್ಣೂರು ಶಾಸನದ ತಿಥಿಯೂ ನಿಜವಾಗಿ ಆದ ಚಂದ್ರಗ್ರಹಣಕ್ಕೆ ಸರಿಹೊಂದುತ್ತದೆ. ಮುನ್ನೂರು ವರ್ಷ ಹಿಂದಿನ ಗ್ರಹಣವನ್ನು ಊಹೆಯಿಂದ ಹೇಳುವುದು ಸುಲಭವಲ್ಲ. ಆದ್ದರಿಂದ ವೀರನಂದಿಯ ಮುಂದೆ ಹಳೆಯ ತಾಮ್ರಪಟವೊಂದು ಇದ್ದಿರಲೇಬೇಕು. ಬಸದಿಯ ಭೂಮಿಯ ಹಕ್ಕಿಗೆ ಗಟ್ಟಿ ದಾಖಲೆ ಬೇಕಾದಾಗ ಅದನ್ನು ಕಲ್ಲಿಗಿಳಿಸಲಾಯಿತು. ಇಳಿಸುವಾಗ ಒಂದಿಷ್ಟು ಸೇರ್ಪಡೆ ನಡೆದಿರಲೂಬಹುದು ಎಂದು ಭಾವಿಸುವುದು ಯುಕ್ತ.

ಶಪಥದ ಮಾತುಗಳಲ್ಲಿ ಕವಿಯ ಕೈವಾಡ ಎಷ್ಟೇ ಇರಲಿ, ಆ ಭಾವನೆ ಕಾಲಕ್ಕೆ ಹೊರತಾದುದಲ್ಲ. ಉಂಡ ಅನ್ನದ ಋಣವನ್ನು ಜೋಳವಾಳಿ ಎಂದೂ, ಒಡೆಯನಿಗೆ ಸಂಕಟ ಬಂದ ವೇಳೆಯಲ್ಲಿ ಪ್ರಾಣ ಕೊಡುವೆನೆಂಬ ಮಾತನ್ನು ವೇಳೆವಾಳಿ ಎಂದೂ ಹಳೆಯ ಕನ್ನಡ ಕರೆಯಿತು. ಈ ಮಾತುಗಳು ನಾಡಿನ ವೀರಗಲ್ಲುಗಳ ಹಿಂದಿನ ನೀತಿ. ಅರಸನೂ ಇದಕ್ಕೆ ಹೊರತಾಗಿರಲಿಲ್ಲ. ಜನರ ಸಂಕಟ ಪರಿಹಾರಕ್ಕಾಗಿ ಅಮೋಘವರ್ಷ ತನ್ನ ಎಡಗೈ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಪಟ ಹೇಳುತ್ತದೆ.

ಗೆದ್ದದ್ದೇನು, ಉಳಿದದ್ದೇನು?

ಬಂಕೇಶನ ದಂಡಯಾತ್ರೆಯಿಂದ ಗಂಗವಾಡಿ ರಾಷ್ಟ್ರಕೂಟರ ಕೈಗೆ ಬಂದಿತೇ? ಇಲ್ಲ. ಗಂಗರ ಶಾಸನಗಳನ್ನು ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ವರಾಹಾವತಾರದಲ್ಲಿ ವಿಷ್ಣು ಭೂಮಿಯನ್ನು ಎತ್ತಿದಂತೆ ರಾಚಮಲ್ಲ ತನ್ನ ನಾಡನ್ನು ರಾಷ್ಟ್ರಕೂಟರಿಂದ ಬಿಡಿಸಿಕೊಂಡನೆಂದು ಅವು ಹೆಮ್ಮೆಪಡುತ್ತವೆ. ಸಂಕಟದ ಕರೆಗೆ ಬಂಕೇಶ ಹಿಂದಿರುಗಿದ ಮೇಲೆ ದಕ್ಷಿಣದ ಗೆಲುವು ಕೈಜಾರಿತೆಂಬುದೇ ಇದರ ಅರ್ಥ. ಕೊನೆಗೆ ಅಮೋಘವರ್ಷ ಬೇರೆ ದಾರಿ ಹಿಡಿದ. ಮಗಳು ಚಂದ್ರೊಬಲಬ್ಬೆಯನ್ನು ಗಂಗರ ರಾಜಕುಮಾರ ಬೂತುಗನಿಗೆ ಕೊಟ್ಟು ಮದುವೆ ಮಾಡಿದ. ವರ್ಷಗಟ್ಟಲೆ ಕತ್ತಿಯಿಂದ ಆಗದ ಕೆಲಸ ಒಂದು ಬೀಗತನದಿಂದ ಆಯಿತು.

ಬಂಡೆದ್ದ ರಾಜಕುಮಾರ ಯಾರು ಎಂಬುದನ್ನು ಶಾಸನ ಹೆಸರಿಸುವುದಿಲ್ಲ. ಮುಂದೆ ಪಟ್ಟಕ್ಕೆ ಬಂದ ಎರಡನೆಯ ಕೃಷ್ಣನೇ ಅವನೆಂದು ಹಲವು ಇತಿಹಾಸಕಾರರ ಊಹೆ. ಅದು ನಿಜವಾದರೆ ಬಂಕೇಶನ ಮನೆತನಕ್ಕೆ ಒದಗಿದ ಪರೀಕ್ಷೆ ಸಣ್ಣದಲ್ಲ. ತನ್ನ ಪಡೆಯನ್ನು ಸುಟ್ಟ ಸೇನಾಪತಿಯ ಮಕ್ಕಳನ್ನು ಹೊಸ ಅರಸ ಮೂಲೆಗೆ ತಳ್ಳಬಹುದಾಗಿತ್ತು. ಹಾಗಾಗಲಿಲ್ಲ. ಕೃಷ್ಣನ ಕಾಲದಲ್ಲಿಯೂ ಬನವಾಸಿ ನಾಡನ್ನು ಆಳಿದವನು ಬಂಕೇಶನ ಮಗ ಲೋಕಾದಿತ್ಯನೇ. ಸಿಂಹಾಸನದ ಮೇಲೆ ಯಾರೇ ಕುಳಿತಿರಲಿ, ಸಿಂಹಾಸನವನ್ನು ಕಾಯುವ ಮನೆತನವೆಂಬ ಹೆಸರು ಚೆಲ್ಲಕೇತನರಿಗೆ ಬಂದಿತ್ತೆಂದು ಕಾಣುತ್ತದೆ. ಹತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದೇ ಮನೆತನದ ಕಲಿವಿಟ್ಟರಸ ಬನವಾಸಿಯನ್ನು ಆಳುತ್ತಿದ್ದ. ಗಂಡ ತೀರಿದ ಮೇಲೆ ನಾಗರಖಂಡದ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡ ಜಕ್ಕಿಯಬ್ಬೆಯ ಸುಪ್ರಸಿದ್ಧ ಬಂದಳಿಕೆ ಶಾಸನ ಅವನ ಆಳ್ವಿಕೆಯ ಕಾಲದ್ದು.

ಪುರಿಗೆರೆ ನಾಡು ಬಂಕೇಶನ ಆಡಳಿತದಲ್ಲಿದ್ದುದೂ ಗಮನಾರ್ಹ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನೆಲವನ್ನೇ 'ಕವಿರಾಜಮಾರ್ಗ' ಕನ್ನಡದ ತಿರುಳು ಎಂದು ಗುರುತಿಸುತ್ತದೆ. ಆ ನೆಲದ ಒಂದು ಮೂಲೆಯ ಶಾಂತಿಯನ್ನು ಕಾದವನು ಇವನೇ.

ಸೇನಾಪತಿಯ ಊರಿನಲ್ಲಿ ಗ್ರಂಥಪೂಜೆ

ಬಂಕಾಪುರಕ್ಕೆ ತಂದೆಯ ಹೆಸರು ಸೇರಿತ್ತು. ಅದಕ್ಕೆ ಕೀರ್ತಿ ಸೇರಿಸಿದವನು ಮಗ. ಅಮೋಘವರ್ಷನ ಗುರು ಜಿನಸೇನರು ಬರೆಯತೊಡಗಿದ 'ಮಹಾಪುರಾಣ' ಅವರ ಮರಣದಿಂದ ಅರ್ಧಕ್ಕೆ ನಿಂತಿತ್ತು. ಶಿಷ್ಯ ಗುಣಭದ್ರರು 'ಉತ್ತರಪುರಾಣ' ಬರೆದು ಅದನ್ನು ಪೂರ್ಣಗೊಳಿಸಿದರು. ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 897–98ರಲ್ಲಿ, ಲೋಕಾದಿತ್ಯನ ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆ ಸಂದಿತೆಂದು ಗುಣಭದ್ರರ ಶಿಷ್ಯ ಲೋಕಸೇನರು ಬರೆದ ಪ್ರಶಸ್ತಿ ತಿಳಿಸುತ್ತದೆ. ಇದೇ 'ಮಹಾಪುರಾಣ'ದ ಹಾದಿಯಲ್ಲಿ ಪಂಪ 941ರಲ್ಲಿ ಕನ್ನಡದ 'ಆದಿಪುರಾಣ'ವನ್ನು, ಚಾವುಂಡರಾಯ 978ರಲ್ಲಿ ತನ್ನ ಗದ್ಯಪುರಾಣವನ್ನು ಬರೆದರು. ಕನ್ನಡ ಸಾಹಿತ್ಯದ ಮೂಲಸೆಲೆಗಳಲ್ಲೊಂದು ಹೀಗೆ ಒಬ್ಬ ಸೇನಾಪತಿ ಹೆಸರಿತ್ತ ಊರನ್ನು ಹಾಯ್ದು ಬಂದಿದೆ.

ಕಾಲದ ಆಟ ಇನ್ನೂ ವಿಚಿತ್ರವಾದುದು. 974ರ ಸುಮಾರಿಗೆ ಗಂಗರ ಅರಸ ಮಾರಸಿಂಹ ರಾಜ್ಯವನ್ನು ತೊರೆದು ಸಲ್ಲೇಖನ ವ್ರತ ಹಿಡಿದ. ಅವನು ಪ್ರಾಣ ಬಿಡಲು ಆರಿಸಿಕೊಂಡ ಸ್ಥಳ ಬಂಕಾಪುರ. ಅಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಯಾವ ಗಂಗವಂಶವನ್ನು ಬೇರುಸಹಿತ ಕೀಳಲೆಂದು ಬಂಕೇಶ ಹೊರಟಿದ್ದನೋ, ಆ ವಂಶದ ಪರಾಕ್ರಮಿ ಅರಸನೊಬ್ಬ ನೂರು ಚಿಲ್ಲರೆ ವರ್ಷಗಳ ಮೇಲೆ ಬಂಕೇಶನ ಊರನ್ನೇ ಪುಣ್ಯಕ್ಷೇತ್ರವೆಂದು ಬಗೆದು ಬಂದ. ಚಾವುಂಡರಾಯ ಇದೇ ಮಾರಸಿಂಹನ ದಂಡನಾಯಕ, ಇದೇ ಅಜಿತಸೇನರ ಶಿಷ್ಯ.

ಇನ್ನೂ ಎರಡು ಶತಮಾನ ಕಳೆಯುವ ಹೊತ್ತಿಗೆ ಬಂಕಾಪುರದ ಬಸದಿಗಳು ಶಿಥಿಲವಾಗಿದ್ದವು. ಆಗ ನೆರವಿಗೆ ಬಂದವನೂ ಒಬ್ಬ ದಂಡನಾಯಕನೇ. ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿ ಕಟ್ಟಿಸಿದ ಹೊಯ್ಸಳರ ಹುಳ್ಳ, ಬಂಕಾಪುರದಲ್ಲಿ ಕಲಿವಿಟ್ಟನ ಹೆಸರಿನ ಜಿನಾಲಯವನ್ನು ಜೀರ್ಣೋದ್ಧಾರ ಮಾಡಿಸಿದನೆಂದು 1159ರ ಶಾಸನದಿಂದ ತಿಳಿಯುತ್ತದೆ. ಚಾವುಂಡರಾಯ, ಗಂಗರಾಜ, ಹುಳ್ಳ ಈ ಮೂವರನ್ನು ಜಿನಧರ್ಮವನ್ನು ಎತ್ತಿಹಿಡಿದವರೆಂದು ಬೆಳಗೊಳದ ಶಾಸನಗಳು ಕೊಂಡಾಡುತ್ತವೆ. ಆ ಸಾಲಿಗೆ ಮೊದಲಿಗನಾಗಿ ಸೇರಬೇಕಾದ ಹೆಸರು ಬಂಕೇಶನದು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಕತ್ತಿ ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಇಂದಿನವರಿಗೆ ಏಳುವುದು ಸಹಜ. ಒಡೆಯನ ಕೆಲಸ ಒಂದು ಕಡೆ, ಆತ್ಮದ ಕೆಲಸ ಇನ್ನೊಂದು ಕಡೆ ಎಂದು ಆ ಸೇನಾನಿಗಳು ಬಾಳನ್ನು ಎರಡಾಗಿ ಹಂಚಿಕೊಂಡಿದ್ದರು. ಗೆಲುವಿನಲ್ಲಿ ಬಂದದ್ದನ್ನು ಬಸದಿಗೆ, ಗ್ರಂಥಕ್ಕೆ, ಅನ್ನಕ್ಕೆ ಕೊಟ್ಟು ಎರಡನ್ನೂ ಕೂಡಿಸಲು ನೋಡಿದರು.

ಬಂಕಾಪುರ ಇಂದು

ಮುಂದಿನ ಶತಮಾನಗಳಲ್ಲಿ ಬಂಕಾಪುರದ ಕೋಟೆ ಕೈಯಿಂದ ಕೈಗೆ ಹೋಯಿತು. ಚಾಲುಕ್ಯರು, ಅವರ ಮಾಂಡಲಿಕರಾದ ಕದಂಬರು ಅಲ್ಲಿಂದ ಆಳಿದರು. ಹದಿನೈದನೆಯ ಶತಮಾನದ ಮೊದಲಲ್ಲಿ ವಿಜಯನಗರದ ದೇವರಾಯನಿಂದ ಅದು ಬಹಮನಿ ಸುಲ್ತಾನ ಫಿರೋಜ್‌ಶಹನಿಗೆ ಮದುವೆಯ ಬಳುವಳಿಯಾಗಿ ಸಂದಿತೆಂದು ಪರ್ಷಿಯನ್ ಚರಿತ್ರಕಾರರು ಬರೆದಿದ್ದಾರೆ. 1570ರ ದಶಕದಲ್ಲಿ ಬಿಜಾಪುರದ ಅಲಿ ಆದಿಲ್‌ಶಹನ ಸೇನೆ ದೀರ್ಘ ಮುತ್ತಿಗೆಯ ನಂತರ ಅದನ್ನು ಹಿಡಿಯಿತು. ಹತ್ತಿರದ ಬಾಡ ಗ್ರಾಮದಲ್ಲಿ ಹುಟ್ಟಿದ ಕನಕದಾಸರು ದಂಡನಾಯಕರಾಗಿದ್ದು, ಮುಂದೆ ಕತ್ತಿಯನ್ನು ಕೆಳಗಿಟ್ಟು ಹರಿದಾಸರಾದರೆಂಬ ಪರಂಪರೆಯ ಕಥೆಯೂ ಈ ಸೀಮೆಯದೇ.

ಪುಣೆ–ಬೆಂಗಳೂರು ಹೆದ್ದಾರಿಗೆ ಸಮೀಪದ ಈ ಕೋಟೆಯೊಳಗೆ ಈಗ ನವಿಲುಗಳಿಗೆ ರಕ್ಷಿತ ಪ್ರದೇಶವಿದೆ; ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಅರವತ್ತು ಕಂಬದ ಗುಡಿ ಎಂದು ಜನ ಕರೆಯುವ ನಗರೇಶ್ವರ ದೇವಾಲಯ ಭಗ್ನಗೊಂಡರೂ ಸೊಬಗು ಬಿಡದೆ ನಿಂತಿದೆ. ಕೊಣ್ಣೂರಿನವರಿಗೆ ಮಲಪ್ರಭೆಯ ಪ್ರವಾಹದ ಚಿಂತೆ. 2019ರ ನೆರೆಯಲ್ಲಿ ಆ ಊರು ಬಹಳ ನೊಂದಿತು. ಅಧೋರನ ಮಗನ ಹುಟ್ಟೂರೆಂದು ಅದನ್ನು ಹುಡುಕಿಕೊಂಡು ಹೋಗುವವರು ವಿರಳ.

ಬಂಕೇಶ ಗೆದ್ದ ಕೇದಳದ ಕೋಟೆಯಾಗಲಿ, ದಾಟಿದ ಕಾವೇರಿಯ ಆಚೆದಡವಾಗಲಿ ರಾಷ್ಟ್ರಕೂಟರಿಗೆ ಉಳಿಯಲಿಲ್ಲ. ಅವನು ಕಾಯ್ದ ಸಾಮ್ರಾಜ್ಯವೂ ಮುಂದಿನ ಶತಮಾನದಲ್ಲಿಯೇ ಕುಸಿಯಿತು. ಒಂದು ಬಸದಿಗಾಗಿ ಕೇಳಿ ಪಡೆದ ಭೂಮಿಯ ದಾಖಲೆಯನ್ನು ಮಾತ್ರ ಯಾರೋ ಕಾಪಿಟ್ಟರು, ಮತ್ತೆ ಯಾರೋ ಕಲ್ಲಿಗಿಳಿಸಿದರು. ಇಂಥ ಕಲ್ಲುಗಳು ಎಷ್ಟೋ ಊರುಗಳಲ್ಲಿ ಇಂದಿಗೂ ಗುಡಿಯ ಗೋಡೆಗೆ ಒರಗಿಕೊಂಡೋ, ಹೊಲದ ಬದುವಿನಲ್ಲಿ ಮಲಗಿಕೊಂಡೋ ಇವೆ. ಬಟ್ಟೆ ಒಗೆಯುವ ಬಂಡೆಯಾದವೂ ಉಂಟು. ಕೊಣ್ಣೂರಿನ ಕಲ್ಲೂ ಹಾಗೆಯೇ ಅಳಿದುಹೋಗಿದ್ದರೆ ಬಂಕಾಪುರದ ಬಂಕ ಯಾರೆಂದು ಕೇಳುವವರಿಗೆ ಅವನ ಹೆಸರಷ್ಟೇ ಸಿಗುತ್ತಿತ್ತು, ಕಥೆ ಸಿಗುತ್ತಿರಲಿಲ್ಲ.